ಇನ್ನೂ, ಇನ್ನೂ

ಊದಿ, ಊದಿ, ಊದಿ, ಇನ್ನೂ, ಇನ್ನೂ—
ಬಿತೊಮ್ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ದಿನಕ್ಕೆ ಹದಿನಾಲ್ಕು ಜನರೆದುರು
ಹೀಗೆ ಕೂಗುವುದೇ ನನ್ನ ಕಸುಬು.
ಮನೆಯಲ್ಲಿ ಹಾಲು ಕಾಯಿಸುವಾಗಲೂ
ಬಾಯಿ ತಾನಾಗಿ ಅನ್ನುತ್ತದೆ: ಇನ್ನೂ.

ಅಲೋಯ್ಜಿ ಬರುವುದು ಮಂಗಳವಾರ.
ಇಪ್ಪತ್ತೊಂಬತ್ತು ವರ್ಷ ಕಲ್ಲಿದ್ದಲು ಕಡಿದವನು,
ಆಮೇಲೆ ಪಾರಿವಾಳ ಸಾಕಿದವನು.
ಮೂಗಿಗೆ ಕ್ಲಿಪ್ಪು ಹಾಕಿದರೆ
ನಾನೀಗ ಒಣಹಾಕಿದ ಬಟ್ಟೆ ಎನ್ನುತ್ತಾನೆ.

ಹೊಸ ಔಷಧದ ಪ್ರಯೋಗ. ಎಲ್ಲರಿಗೂ ಒಂದೇ ನೀಲಿ ಇನ್ಹೇಲರು.
ಅರ್ಧದರಲ್ಲಿ ಔಷಧ, ಇನ್ನರ್ಧದಲ್ಲಿ ಬರೀ ಹಾಲಿನ ಸಕ್ಕರೆ ಪುಡಿ.
ಯಾರಿಗೆ ಯಾವುದು, ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ,
ಡಾಕ್ಟರ್ ಹಲೀನಾಗೂ. ವಾರ್ಸಾದ ಯಾವುದೋ ಕಂಪ್ಯೂಟರಿಗೆ ಗೊತ್ತು.
"ದೇವರಿಗೆ?"
ಅವನಿಗೂ ಹೇಳಬಾರದೆಂದು ನಿಯಮ, ಅಂದೆ.
ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಎಂಟು ನಿಮಿಷ.
ಆ ದಿನದ ಪರೀಕ್ಷೆ ಕೆಟ್ಟಿತು.
ಹಾಳೆಯಲ್ಲಿ 'ಕಾರಣ' ಎಂಬಲ್ಲಿ ಏನೂ ಬರೆಯಲಿಲ್ಲ.

ಉರಿಯೂತ ಎಂಬ ಮಾತಿನಲ್ಲೇ ಉರಿಯಿದೆ, ಊತವಿದೆ.
ಊದಿಕೊಂಡ ಕೊಳವೆಯವನಿಗೆ ಊದು ಎನ್ನುವುದು,
ಒಳಗೆ ಕೆಂಡ ಇಟ್ಟುಕೊಂಡವನಿಗೆ ಊದು ಎನ್ನುವುದು
ಎಂಥ ಮಾತು!
ಬೇರೆ ದಾರಿಯಿಲ್ಲ. ಊದಿ.

ಐವತ್ತೆರಡು ವಾರ.
ಇಬ್ಬರು ನಡುವೆ ಬಿಟ್ಟರು. ಒಬ್ಬಾಕೆ ತೀರಿಕೊಂಡಳು;
ಪಟ್ಟಿಯಲ್ಲಿ ಅವಳು ನೂರಹದಿನೇಳು,
ನನ್ನ ಡ್ರಾಯರಿನಲ್ಲಿ ಅವಳು ಮರೆತುಹೋದ ಕೈಗವಸು,
ಗೆರ್ತ್ರುದಾ.

ಮಾರ್ಚಿನಲ್ಲಿ ಗುಟ್ಟು ಬಿಚ್ಚಿದರು.
ಔಷಧ ಕೆಲಸ ಮಾಡಿತ್ತು: ಸರಾಸರಿ ತೊಂಬತ್ತು ಮಿಲಿಲೀಟರು
ಹೆಚ್ಚು ಗಾಳಿ.
"ಅದು ಎಷ್ಟು ಮೆಟ್ಟಿಲಾಗುತ್ತದೆ?" ಅಲೋಯ್ಜಿ ಕೇಳಿದ.
ಅವನ ಪಾರಿವಾಳಗಳಿರುವುದು ಅಟ್ಟದಲ್ಲಿ, ಏಣಿಗೆ ಹನ್ನೊಂದು ಮೆಟ್ಟಿಲು.
ಯಾವ ಕೋಷ್ಟಕದಲ್ಲೂ ಆ ಉತ್ತರ ಇರಲಿಲ್ಲ.
ಆಮೇಲೆ ಹೇಳಲೇಬೇಕಾಯಿತು:
ನಿಮ್ಮದು ಸಕ್ಕರೆ.

ಖಾಲಿ ಇನ್ಹೇಲರನ್ನು ಬಹಳ ಹೊತ್ತು ತಿರುಗಿಸಿ ನೋಡಿದ.
"ಗಣಿಯೊಳಗೆ ಒಬ್ಬ ಕಡಿಯುತ್ತಾನೆ,
ಒಬ್ಬ ಸುಮ್ಮನೆ ಕಂಬ ಹಿಡಿದು ನಿಂತಿರುತ್ತಾನೆ.
ಮೇಲೆ ಬಂದಾಗ ಇಬ್ಬರ ಮುಖವೂ ಕಪ್ಪೇ."
ಉಸಿರಿಗಾಗಿ ತಡೆದ.
"ಮೊದಲ ದಿನವೇ ನಾಲಿಗೆಗೆ ಸಿಹಿ ಹತ್ತಿತ್ತು.
ನಿನಗೆ ಬೇಜಾರಾದೀತೆಂದು ಹೇಳಲಿಲ್ಲ."

ಆ ಔಷಧಕ್ಕೂ ಅದೇ ಸಕ್ಕರೆ ಬೆರೆಸಿರುತ್ತಾರೆಂದು
ನಾನೂ ಹೇಳಲಿಲ್ಲ.
ಮುಂದಿನ ಪ್ರಯೋಗದ ಹಾಳೆಗೆ ಅವನು ಸಹಿ ಹಾಕಿದ್ದ.
ಹೊಸ ಕ್ಲಿಪ್ಪು ತೆಗೆದುಕೊಂಡೆ.
ಊದಿ, ಅಂದೆ.