ಹೂಂ, ಊಹೂಂ

ಡುಲೂತಿನ ರೇಡಿಯೊ ನಿಲಯದ ನೆಲಮಾಳಿಗೆಯಲ್ಲಿ
ಆ ಯುಗಳಗೀತೆಗೆಂದೇ ಒಂದು ಕಪಾಟು.
ಪ್ಲೇಟು ನೂರಾ ಹದಿನೇಳು, ಹಾಡು ಒಂದೇ.
ಮೂವತ್ತೊಂದು ಚಳಿಗಾಲ ಅವುಗಳ ಧೂಳು ಒರೆಸಿದ್ದೇನೆ,
ಕೂಸಿನ ಕಿವಿ ಒರೆಸುವ ಹಾಗೆ, ಮೆತ್ತಗೆ.

ಕತೆ ಇಷ್ಟೆ: ಅವಳು ಕೋಟಿನ ಗುಂಡಿ ಹಾಕುತ್ತಾಳೆ,
ಮನೆ ಸೇತುವೆಯಾಚೆ, ಹೊತ್ತಾಯಿತು ಅನ್ನುತ್ತಾಳೆ.
ಅವನು: ಸೇತುವೆ ಎತ್ತಿದ್ದಾರೆ, ಹಡಗು ಬರುತ್ತಿದೆ,
ದಾಟುವ ತನಕ ಕೂತಿರು, ಒಳಗೆ ಬೆಚ್ಚಗಿದೆ.
ಅವಳ ಸಾಲು ಮುಗಿಯುವ ಮೊದಲೇ ಅವನ ಸಾಲು ಶುರು,
ಬಾಗಿಲ ಸಂದಿಗೆ ಬೂಟುಗಾಲು ಇಟ್ಟಂತೆ.
ಹೂಂ ಅನ್ನಳು, ಊಹೂಂ ಅನ್ನಳು;
ಮೂರನೇ ಚರಣದಲ್ಲಿ ನಗುತ್ತಾಳೆ.

ನಮ್ಮೂರಿನವರಿಗಷ್ಟೇ ಗೊತ್ತು:
ಜನವರಿ ಕಳೆಯುವುದರೊಳಗೆ ಸರೋವರ ಕಲ್ಲು.
ಹಡಗಿಲ್ಲ. ಸೇತುವೆ ಏಳುವುದಿಲ್ಲ.
ಅವನ ಸುಳ್ಳಿಗೆ ತೇಲಲು ನೀರೇ ಇಲ್ಲ.

ಕಟ್ಟಿದವರು ಬಾಯ್ಲರ್ ರಿಪೇರಿಯ ಸೆವರಿನ್ ತೋರ್ಸೆನ್,
ಪಿಯಾನೊ ಕಲಿಸುತ್ತಿದ್ದ ಐಲಿ ರಾಂತಲ.
ನಲವತ್ತೇಳನೇ ಇಸವಿ, ಅವನ ಬಾಡಿಗೆ ಕೋಣೆ,
ಎರವಲು ತಂದ ದನಿ ಕೆತ್ತುವ ಯಂತ್ರ,
ಒಂದೇ ಪ್ಲೇಟು, ಒಂದೇ ಸಲ.
ಚಿಕಾಗೊದ ಯಾರೋ ಗುಮಾಸ್ತ ಅದನ್ನು ಕೇಳಿ
ಸ್ವರಲಿಪಿ ಬರೆಯುವಾಗ ಸೇರಿಸಿದ: ‘ಇಲ್ಲಿ ನಗು’.

ಅಂದಿನಿಂದ ನಕ್ಕವರೇ ಎಲ್ಲ.
ಐವತ್ತೆರಡರಲ್ಲಿ ಬೆಳ್ಳಿ ಚಮಚ ಬಿದ್ದ ಹಾಗೆ;
ಐವತ್ತೆಂಟರಲ್ಲಿ ಇಪ್ಪತ್ತು ಪಿಟೀಲು ಅವಳ ಬದಲಿಗೆ ನಕ್ಕವು.
ಅರವತ್ತಾರರಲ್ಲಿ ಹೊರಟವನು ಅವನು, ತಡೆದವಳು ಅವಳು,
ಜನ ತಮಾಷೆ ಅಂದರು, ಯಾಕೋ.
ಒಸಾಕಾದ ಪ್ಲೇಟಿನಲ್ಲಿ ಸೇತುವೆ ಹೋಗಿ ಕೊನೆಯ ರೈಲು ಬಂದಿದೆ.
ಒಂದು ಶಾಲೆಯ ಮಕ್ಕಳು ಅರ್ಥ ತಿಳಿಯದೆ ಹಾಡಿದ್ದಾರೆ,
ಎಲ್ಲರಿಗಿಂತ ಶ್ರುತಿಯಲ್ಲಿ.
ಒಬ್ಬಾಕೆ, ಗಂಡ ಸತ್ತ ಮೂರು ವರ್ಷಕ್ಕೆ,
ಟೇಪಿನಲ್ಲುಳಿದ ಅವನ ದನಿಯ ಪಕ್ಕ ಕೂತು
ಹೋಗಬೇಕು, ಹೋಗಬೇಕು ಅನ್ನುತ್ತಾಳೆ;
ನಗುವ ಜಾಗವನ್ನು ಖಾಲಿ ಬಿಟ್ಟಿದ್ದಾಳೆ.
ಅದನ್ನು ಮಾತ್ರ ನಾನು ಒಬ್ಬಳೇ ಇದ್ದಾಗ ಹಾಕುವುದಿಲ್ಲ.

ಆಮೇಲೊಂದು ಡಿಸೆಂಬರ್, ಫೋನಿನ ಮೇಲೆ ಫೋನು.
ನಿಲ್ಲಿಸಿ ಇದನ್ನ, ಆ ಹುಡುಗಿಗೆ ಬಾಗಿಲು ಬಿಡಿ, ಅಂತ ಒಬ್ಬಳು.
ನಮ್ಮಜ್ಜಿ ಮದುವೆಯಲ್ಲಿ ಹಾಕಿದ ಹಾಡು, ಮುಟ್ಟಬೇಡಿ, ಅಂತ ಒಬ್ಬ.
ಮ್ಯಾನೇಜರು ಮೆಟ್ಟಿಲಿಳಿದು ಬಂದು ಕೇಳಿದ:
ಅವಳು ಒಪ್ಪಿದ್ದಳೋ, ಇಲ್ಲವೋ?
ನನ್ನ ಹತ್ತಿರ ಇರುವುದು ಕಪಾಟಿನ ಬೀಗದಕೈ, ಅಂದೆ.

ಆದರೂ ಭಾನುವಾರ ಮೊದಲ ಪ್ಲೇಟನ್ನು ಶಾಲಿನಲ್ಲಿ ಸುತ್ತಿ
ಸೇತುವೆ ದಾಟಿ ಐಲಿಯ ಮನೆಗೆ ಹೋದೆ.
ತೊಂಬತ್ತೊಂದು ವರ್ಷ, ಕಿವಿ ಚುರುಕು.
ಮೂರನೇ ಚರಣ ಬಂದಾಗ ಕೈ ಅಡ್ಡ ಮಾಡಿದಳು:
‘ನಗುವಲ್ಲ ಕಣೇ ಅದು, ಹಲ್ಲು ಕಟಕಟ ಅನ್ನುತ್ತಿತ್ತು.
ಊರ ಬಾಯ್ಲರೆಲ್ಲ ಸರಿ ಮಾಡುವವನ ಕೋಣೆಯಲ್ಲಿ
ಒಲೆ ಆರಿ ತಣ್ಣಗಿತ್ತು.
ಬೆಚ್ಚಗಿದೆ ಅಂತ ಹಾಡ್ತಾನೆ, ಭೂಪ!’

ಹಾಡು ಮುಗಿಯಿತು. ಮುಳ್ಳು ಎತ್ತಲಿಲ್ಲ.
ಇನ್ನೂ ಹನ್ನೊಂದು ಸೆಕೆಂಡು ಇದೆ ಅಲ್ಲಿ, ಯಾರೂ ಅಚ್ಚು ಹಾಕಿಸದ್ದು:
ಹಿಮದ ಬೂಟಿನ ಬಕಲು, ಒಂದು, ಎರಡು, ಮೂರು,
ನಾಲ್ಕನೆಯದಕ್ಕೆ ಮೊದಲೇ ಗೆರೆ ಮುಗಿಯುತ್ತದೆ.
ಹಾಕುವ ಸದ್ದೋ, ಬಿಚ್ಚುವ ಸದ್ದೋ? ಕೇಳಿದೆ.
ಐಲಿ ಪ್ಲೇಟನ್ನೇ ನೋಡುತ್ತಿದ್ದಳು.
‘ಹೂಂ,’ ಅಂದಳು. ಅಷ್ಟೆ.

ವಾಪಸು ಬರುವಾಗ ಸೇತುವೆ ನಿಜವಾಗಿಯೂ ಎತ್ತಿತ್ತು,
ಒಂದು ಅದಿರು ಹಡಗು, ಮೈತುಂಬ ಮಂಜುಗಡ್ಡೆ.
ನನ್ನ ಕಾರಿನ ಹೀಟರು ಕೆಟ್ಟು ವಾರವಾಗಿತ್ತು.
ಹಲ್ಲು ಕಡಿಯುತ್ತ ಕೂತಿದ್ದೆ.
ಪಕ್ಕದ ಕಾರಿನವನು ನೋಡಿದ,
ನಗುತ್ತಿದ್ದಾಳೆ ಅಂದುಕೊಂಡ,
ತಾನೂ ನಕ್ಕು ಕೈಯೆತ್ತಿದ.