ಮಾಡು

ಶುಕ್ರವಾರ ಬೆಳಿಗ್ಗೆ, ಸೊಹಾರಿನ ಪೆಟ್ರೋಲ್ ಬಂಕು.
ಮುನ್ನೂರು ಬೈಸಾಕ್ಕೆ ಐದು ನಿಮಿಷ ಗುಡುಗುವ ಕೊಳವೆ.

ಮಕ್ಕಳ ಸೀಟು ಎತ್ತಿದರೆ
ಖರ್ಜೂರದ ಬೀಜ, ಚಕ್ಕುಲಿಯ ಕಾಲುಸುತ್ತು,
ಬಿಸಿಲಿಗೆ ಕರಗಿ ಅಂಟಿದ ನೇರಳೆ ಕ್ರೆಯಾನ್,
ರಂಜಾನಿನಿಂದ ಕಾಣೆಯಾಗಿದ್ದ ಎಡಗಾಲಿನ ಚಪ್ಪಲಿ.
ನಾಲ್ಕೇ ನಾಲ್ಕು ಪುಟ್ಟ ಪಾದ,
ಕೊಡವಿಯೇ ಹತ್ತಿಸಿದ್ದೆ, ಆದರೂ ಇಷ್ಟು ಮರಳು!

"ಅಪ್ಪಾ, ನನ್ನ ಹಲ್ಲು!" ಚೀರಿದಳು ಪ್ರಣಮ್ಯ.
ನಿನ್ನೆ ಬಿದ್ದದ್ದು; ಬಾಗಿಲ ಗೂಡಿನಲ್ಲಿಟ್ಟಿದ್ದಳಂತೆ.
ಅಷ್ಟರಲ್ಲಿ ಟಣ್ ಎಂದಾಗಿತ್ತು ಕೊಳವೆ.

ಬಂಕಿನ ಶಫೀಕುಲ್ ಬೈಯಲಿಲ್ಲ.
ಚೀಲ ಬಿಚ್ಚಿ, ಊರಿನ ಕಾರುಗಳ ಧೂಳನ್ನೆಲ್ಲ
ಹಳೇ ಪತ್ರಿಕೆಯ ಮೇಲೆ ಸುರಿದ.
ಮೂವರೂ ಕುಕ್ಕರುಗಾಲಲ್ಲಿ ಕೂತು
ಅಕ್ಕಿಯ ಕಲ್ಲು ಆರಿಸಿದ ಹಾಗೆ ಆರಿಸಿದೆವು.
ಸಿಕ್ಕಿತು.
ಹಲ್ಲೋ, ಯಾರದೋ ಚಕ್ರದ ಬಿಳಿ ಹರಳೋ,
ನಾನು ಕೇಳಲಿಲ್ಲ.

ಬಿದ್ದ ಹಲ್ಲನ್ನು ಹೆಂಚಿನ ಮಾಡಿಗೆಸೆಯಬೇಕು,
ಅಜ್ಜಿ ಫೋನಿನಲ್ಲಿ ಹೇಳಿದ್ದಾಳೆ.
ನಮ್ಮದು ಮೂರನೇ ಮಹಡಿ, ತಲೆಯ ಮೇಲೆ ಇನ್ನೊಬ್ಬರ ಅಡುಗೆಮನೆ.
ಅವಳು ಸುತ್ತ ನೋಡಿ
ಕಾರಿನ ಮೇಲಕ್ಕೆ ಎಸೆದಳು.
"ಅಪ್ಪಾ, ಅಲ್ಲಿ ಮಾತ್ರ ತೊಳೀಬೇಡ."

ಒಳಗೆಲ್ಲ ಲಕಲಕ, ಮೇಲೆ ವಾರದ ಧೂಳು.
ಮನೆವರೆಗೂ ನಲವತ್ತು ದಾಟಿಸಲಿಲ್ಲ ನಾನು.
ಹಿಂದೆ, ಅವಳ ತಮ್ಮ
ಬಿಸ್ಕತ್ತಿನ ಪೊಟ್ಟಣ ಹರಿಯುವ ಸದ್ದು.