ಗಾಲಿಯಡಿಯ ಕಲ್ಲು

ಮೀನಾಕ್ಷಿಪುರದ ಹಿನ್ನೀರ ದಂಡೆ. ಇಳಿಹೊತ್ತು.
ನಮ್ಮ ಟೆಂಪೊ ಮನೆ ಎಡಕ್ಕೆ ವಾಲಿ
ಪಾತ್ರೆಯೊಳಗೆ ಹಾಲೂ ಓರೆ.

ಪಕ್ಕದ ನೀಲಿ ವ್ಯಾನಿನಿಂದ ಇಳಿದವರು
ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ;
ಬಗ್ಗಿ ನೋಡಿ, ಹಿಂದಿನ ಗಾಲಿಯ ಬುಡಕ್ಕೆ
ಚಪ್ಪಟೆ ಕಲ್ಲೊಂದು ತಂದಿಟ್ಟು
“ಏರಸ್ರಿ” ಅಂದರು.
ಹಾಲು ನೆಟ್ಟಗಾಯಿತು.

ಆಮೇಲೆ ತಿಳಿದದ್ದು: ಗುರುಶಾಂತಪ್ಪ, ಬೀಳಗಿಯ ಕಡೆ,
ಮೂವತ್ತು ವರ್ಷ ಕೆಂಪು ಬಸ್ಸಿನ ಸ್ಟೇರಿಂಗು.
“ಆಗ ಎಲ್ಲೀನೂ ಎರಡು ನಿಮಿಷದ ಮ್ಯಾಲ
ನಿಲ್ಲೂ ಹಂಗ ಇರಲಿಲ್ರಿ.”
ನೀಲವ್ವ ಕಟಕ್ ರೊಟ್ಟಿ ಮುರಿದರು,
ನಾನು ಹುರುಳಿಕಾಳಿನ ಬಸ್ಸಾರು ಬಗ್ಗಿಸಿದೆ.
ರೊಟ್ಟಿ ಸಾರಿನಲ್ಲಿ ನೆನೆಯುವಷ್ಟು ಹೊತ್ತು
ಯಾರೂ ಮಾತಾಡಲಿಲ್ಲ.
ದೂರದಲ್ಲಿ ತೆಪ್ಪದವನೊಬ್ಬ
ಸಿಕ್ಕುಬಿದ್ದ ಬಲೆಯನ್ನು
ಮನೆಯವಳನ್ನು ಬೈದಂತೆ ಬೈಯುತ್ತಿದ್ದ.

ಬೆಳಗ್ಗೆ ಎದ್ದರೆ ನೀಲಿ ವ್ಯಾನು ಇಲ್ಲ.
ಹುಲ್ಲಿನ ಮೇಲೆ ಇಬ್ಬನಿ ಬೀಳದ
ಉದ್ದನೆಯದೊಂದು ಜಾಗ,
ಅದೂ ಬಿಸಿಲೇರುವ ತನಕ.
ಫೋನ್ ನಂಬರು? ಇಬ್ಬರೂ ಮರೆತಿದ್ದೆವು.

“ಕಲ್ಲು ತಾನೆ, ಬಿಟ್ಟಾಕು” ಅಂದರು ಇವರು.
ನಾನು ಮಣ್ಣು ಕೊಡವಿ
ಸ್ಟೆಪ್ನಿಯ ಪಕ್ಕ ಇಟ್ಟುಕೊಂಡೆ.

ತಿರುವು ಬಂದಾಗಲೆಲ್ಲ ಅದು ಒಮ್ಮೆ ಕದಲುತ್ತದೆ,
ಒಳಗೆ ಯಾರೋ
ಮಗ್ಗುಲು ಬದಲಿಸಿದ ಹಾಗೆ.